ವೋಚರಿಗೆ ಸಹಿ ಹಾಕುವ ಮೊದಲು ಸರ್ವೆ ವರದಿಯನ್ನು ಸಾಲುಸಾಲಾಗಿ ಓದಿ

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಪೆರ್ಲದ ಸಮೀಪ ಗುಡ್ಡದ ಬುಡದಲ್ಲಿದೆ. ಕಳೆದ ಜೂನ್ ತಿಂಗಳ ಮಳೆಗೆ ಹಿಂದಿನ ಬರೆ (ಗುಡ್ಡ ಕಡಿದಲ್ಲಿ ಉಳಿದ ಕಡಿದಾದ ಮಣ್ಣಿನ ಗೋಡೆ) ಜರಿದು ಅಡುಗೆಮನೆಯ ಗೋಡೆ ಒಡೆಯಿತು, ಆ ಭಾಗದ ಮಾಡು ಕುಸಿಯಿತು. ಕೊಟ್ಟಿಗೆಯೂ ಒಂದು ಬದಿಯ ಕಾಂಪೌಂಡ್ ಗೋಡೆಯೂ ನೆಲಸಮವಾದವು. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿದ್ದ ಹನ್ನೆರಡು ಗೋಣಿ ಚಾಲಿ ಅಡಿಕೆ ಕೆಸರಿನ ಪಾಲಾಯಿತು. ಮನೆ 2009ರಲ್ಲಿ ಕಟ್ಟಿದ್ದು. ಸಾಲ ಕೊಡುವಾಗ ಬ್ಯಾಂಕಿನವರೇ 15 ಲಕ್ಷ ರೂಪಾಯಿಯ ವಿಮೆ ಮಾಡಿಸಿದ್ದರು; ಪಾಲಿಸಿಯ ಮೇಲೆ ‘ಭಾರತ್ ಗೃಹ ರಕ್ಷಾ’ ಎಂದಿದೆ. ಮೂರನೆಯ ದಿನ ಬ್ಯಾಂಕಿಗೆ ಹೋಗಿ ತಿಳಿಸಿದೆವು. ನಷ್ಟವನ್ನು ಅಂದಾಜಿಸುವ ವಿಮಾ ಸರ್ವೇಯರ್ ಬರುವಾಗ ಎರಡು ವಾರ ಕಳೆದಿತ್ತು, ಅಷ್ಟರಲ್ಲಿ ನಾವು ಮಣ್ಣು ತೆಗೆಸಿದ್ದೆವು, ಅದಕ್ಕೆ ಅವರು ಆಕ್ಷೇಪಿಸಿದರು. ಮೇಸ್ತ್ರಿಯ ಅಂದಾಜು 4,60,000 ರೂಪಾಯಿ: ಮನೆಗೆ 3,20,000, ಕಾಂಪೌಂಡಿಗೆ 90,000, ಕೊಟ್ಟಿಗೆಗೆ 50,000. ಕಂಪನಿಯವರು ಮನೆಯ 3,20,000ವನ್ನು ಮಾತ್ರ ಒಪ್ಪಿ, ಅದರಲ್ಲಿ ಸವಕಳಿ ಎಂದು ಶೇ. 25, ಉಳಿದುದರಲ್ಲಿ ‘ಕಡಿಮೆ ವಿಮೆ’ ಎಂದು ಮತ್ತೆ ಶೇ. 25 ಕಳೆದು, 1,80,000 ರೂಪಾಯಿಗೆ ‘ಪೂರ್ಣ ಮತ್ತು ಅಂತಿಮ’ ಎಂಬ ವೋಚರ್ ಕಳುಹಿಸಿದ್ದಾರೆ. ಸಹಿ ಹಾಕಬಹುದೇ? ಮಣ್ಣು ತೆಗೆಸಿದ್ದು ತಪ್ಪಾಯಿತೇ? ಅಡಿಕೆಗೆ ಏನಾದರೂ ಸಿಗುವುದೇ? ಮಗ ಬೆಂಗಳೂರಿನಲ್ಲಿರುವುದರಿಂದ ದೂರನ್ನು ಅಲ್ಲಿಯೇ ಕೊಡಬಹುದೇ?

ಉತ್ತರ: ವೋಚರಿಗೆ ಈಗಲೇ ಸಹಿ ಹಾಕಬೇಡಿ, ಹಾಗೆಂದು ಅದನ್ನು ತಿರಸ್ಕರಿಸಿ ಸಿಟ್ಟಿನ ಪತ್ರವನ್ನೂ ಬರೆಯಬೇಡಿ. ಮೊದಲು ಕಂಪನಿಗೆ ಒಂದು ಮಿಂಚಂಚೆ ಕಳುಹಿಸಿ, ಸರ್ವೇಯರರ ಅಂತಿಮ ವರದಿಯ ಪೂರ್ಣ ಪ್ರತಿಯನ್ನೂ, ಶೆಡ್ಯೂಲ್ (ವಿಮೆಯ ವಿವರಗಳ ಪಟ್ಟಿ) ಹಾಗೂ ಷರತ್ತುಗಳು ಸೇರಿದ ಪಾಲಿಸಿಯ ಸಂಪೂರ್ಣ ಪ್ರತಿಯನ್ನೂ ಕೇಳಿ. ವಿಮೆ ಮಾಡಿಸಿದವರು ಕೇಳಿದರೆ ಸರ್ವೆ ವರದಿಯ ಪ್ರತಿಯನ್ನು ಕೊಡಬೇಕಾದುದು ಕಂಪನಿಯ ಹೊಣೆ. ಬ್ಯಾಂಕಿನ ಮೂಲಕ ಮಾಡಿಸಿದ ಪಾಲಿಸಿಗಳಲ್ಲಿ ಮನೆಯವರ ಕೈಗೆ ಒಂದು ಹಾಳೆಯ ಪ್ರಮಾಣಪತ್ರ ಬಿಟ್ಟರೆ ಬೇರೇನೂ ತಲಪಿರುವುದಿಲ್ಲ. ಆ ಒಂದು ಹಾಳೆಯನ್ನು ಹಿಡಿದುಕೊಂಡು ವಾದಿಸಲಾಗದು.

ನಿಮ್ಮ ಅಂದಾಜಿಗೂ ಕಂಪನಿಯ ಮೊತ್ತಕ್ಕೂ ಇರುವ ವ್ಯತ್ಯಾಸ 2,80,000 ರೂಪಾಯಿ. ಇದು ಒಂದೇ ಗಂಟಲ್ಲ, ನಾಲ್ಕು ಬೇರೆ ಬೇರೆ ನಿರ್ಧಾರಗಳ ಮೊತ್ತ: ಸವಕಳಿಯ 80,000, ‘ಕಡಿಮೆ ವಿಮೆ’ಯ 60,000, ಕಾಂಪೌಂಡಿನ 90,000, ಕೊಟ್ಟಿಗೆಯ 50,000. ‘ನೀವು ಕೊಟ್ಟದ್ದು ತೀರಾ ಕಡಿಮೆಯಾಯಿತು, ನಾವು ಕಷ್ಟದಲ್ಲಿದ್ದೇವೆ, ದಯವಿಟ್ಟು ಮರುಪರಿಶೀಲಿಸಿ’ ಎಂದು ಬರೆದರೆ ಕಂಪನಿಯ ಅಧಿಕಾರಿಗೆ ಉತ್ತರಿಸಲು ಏನೂ ಇರುವುದಿಲ್ಲ, ‘ನಿಯಮದಂತೆ ಲೆಕ್ಕ ಹಾಕಲಾಗಿದೆ’ ಎಂಬ ಒಂದು ವಾಕ್ಯದಲ್ಲಿ ಕಡತ ಮುಚ್ಚಿಹೋಗುತ್ತದೆ. ಬದಲಿಗೆ ಈ ನಾಲ್ಕರಲ್ಲಿ ಪ್ರತಿಯೊಂದಕ್ಕೂ ‘ಪಾಲಿಸಿಯ ಯಾವ ಷರತ್ತಿನಂತೆ ಕಳೆದಿರಿ’ ಎಂದು ಕೇಳಿದರೆ, ಷರತ್ತನ್ನು ತೋರಿಸುವ ಭಾರ ಅವರ ಮೇಲೆ ಬೀಳುತ್ತದೆ. ಕೆಲವಕ್ಕೆ ಅವರಲ್ಲಿ ಷರತ್ತೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಮೊದಲು ‘ಕಡಿಮೆ ವಿಮೆ’ಯ ಕಡಿತವನ್ನು ನೋಡೋಣ, ಏಕೆಂದರೆ ನಿಮ್ಮ ಪಕ್ಷ ಇಲ್ಲಿಯೇ ಹೆಚ್ಚು ಗಟ್ಟಿಯಾಗಿದೆ. ಹಳೆಯ ಬೆಂಕಿ ವಿಮೆಯಲ್ಲಿ ಸರಾಸರಿ ಷರತ್ತು ಎಂಬುದೊಂದಿತ್ತು. ವ್ಯಾಪಾರದ ದೊಡ್ಡ ಪಾಲಿಸಿಗಳಲ್ಲಿ ಇಂದಿಗೂ ಇದೆ. 20 ಲಕ್ಷ ಬೆಲೆಯ ಕಟ್ಟಡವನ್ನು 15 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ ನಾಲ್ಕನೆಯ ಒಂದು ಭಾಗಕ್ಕೆ ಮಾಲಕನೇ ಹೊಣೆ ಎಂದು ಭಾವಿಸಿ, ಯಾವುದೇ ನಷ್ಟವಾದರೂ ಅದರ ನಾಲ್ಕನೆಯ ಒಂದು ಭಾಗವನ್ನು ಕಳೆಯುವುದು ಅದರ ರೀತಿ. ನಿಮ್ಮ ಸರ್ವೇಯರ್ ಮಾಡಿರುವುದು ಅದನ್ನೇ. ಆದರೆ 2021ರ ಏಪ್ರಿಲ್ 1ರಿಂದ ಐಆರ್‌ಡಿಎಐ ಎಂದು ಕರೆಯಲಾಗುವ ವಿಮಾ ನಿಯಂತ್ರಣ ಪ್ರಾಧಿಕಾರವು ಎಲ್ಲ ಕಂಪನಿಗಳೂ ಒಂದೇ ನಮೂನೆಯಲ್ಲಿ ಮಾರಬೇಕೆಂದು ಜಾರಿಗೆ ತಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಈ ಕಡಿತವನ್ನು ಕೈಬಿಡಲಾಗಿದೆ. ಆ ಪಾಲಿಸಿಯ ಮುಖ್ಯ ಗುಣವೇ ಅದು: ವಿಮೆಯ ಮೊತ್ತ ಕಟ್ಟಡದ ನಿಜವಾದ ವೆಚ್ಚಕ್ಕಿಂತ ಕಡಿಮೆಯಿದ್ದರೂ, ವಿಮಾ ಮೊತ್ತದ ಮಿತಿಯೊಳಗೆ ನಷ್ಟವನ್ನು ಪ್ರಮಾಣಾನುಸಾರ ಕಡಿತವಿಲ್ಲದೆ ಕೊಡಬೇಕು. 15 ಲಕ್ಷದ ಮಿತಿಯ ಹತ್ತಿರಕ್ಕೂ ಬಾರದ ನಿಮ್ಮ ನಷ್ಟದಲ್ಲಿ ಈ 60,000 ರೂಪಾಯಿಯನ್ನು ಹೇಗೆ ಕಳೆದರೆಂದು ಅವರೇ ವಿವರಿಸಬೇಕು. ನೀವು ಪರಿಶೀಲಿಸಬೇಕಾದುದು ಇಷ್ಟೇ: ಪಾಲಿಸಿ ಮಾಡಿಸುವಾಗ ಬ್ಯಾಂಕಿನವರು ಮನೆಯ ವಿಸ್ತೀರ್ಣವನ್ನು ಸರಿಯಾಗಿ ಬರೆದಿದ್ದಾರೆಯೇ ಎಂಬುದು. ಪ್ರಸ್ತಾವನೆಯಲ್ಲಿ ತಪ್ಪು ಮಾಹಿತಿಯಿದ್ದರೆ ಕಂಪನಿ ಅದನ್ನೇ ಹಿಡಿದುಕೊಳ್ಳುತ್ತದೆ.

ಸವಕಳಿಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಮಾರುಕಟ್ಟೆ ಬೆಲೆಯ ಆಧಾರದ ಪಾಲಿಸಿಯಾದರೆ ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುವುದು ಕ್ರಮವೇ. ಪುನರ್‌ನಿರ್ಮಾಣ ವೆಚ್ಚದ ಆಧಾರದ ಪಾಲಿಸಿಯಾದರೆ ಹಾಗೆ ಕಳೆಯುವಂತಿಲ್ಲ. ಗೃಹ ರಕ್ಷಾ ಪಾಲಿಸಿಯಲ್ಲಿ ವಿಮಾ ಮೊತ್ತವನ್ನು ನಿಗದಿಪಡಿಸುವುದೇ ಮನೆಯ ವಿಸ್ತೀರ್ಣವನ್ನು ಆಗಿನ ನಿರ್ಮಾಣ ದರದಿಂದ ಗುಣಿಸಿ. ಹೊಸ ದರಕ್ಕೆ ಕಂತು ಕಟ್ಟಿಸಿಕೊಂಡು ಹಳೆಯ ದರಕ್ಕೆ ಪರಿಹಾರ ಕೊಡುವುದು ಹೊಂದುವುದಿಲ್ಲ ಎಂದು ನೇರವಾಗಿ ಬರೆಯಿರಿ. ಪುನರ್‌ನಿರ್ಮಾಣದ ಆಧಾರದಲ್ಲಿ ಕೇಳುವವರು ದುರಸ್ತಿಯನ್ನು ನಿಜವಾಗಿ ಮಾಡಿಸಿ ಬಿಲ್ಲುಗಳನ್ನು ತೋರಿಸಬೇಕಾಗುತ್ತದೆ ಎಂಬುದನ್ನೂ ಮರೆಯಬೇಡಿ. ಮುರಕಲ್ಲು, ಸಿಮೆಂಟು, ಹಂಚು, ಪಕ್ಕಾಸು, ರೀಪು, ಕೂಲಿ ಎಂದು ಪ್ರತ್ಯೇಕ ಪ್ರತ್ಯೇಕವಾಗಿ ಬರೆದ ಬಿಲ್ಲು ಬೇಕು. ‘ಅಡುಗೆಮನೆ ಕೆಲಸ, ಒಟ್ಟು ಇಷ್ಟು’ ಎಂದು ಮೇಸ್ತ್ರಿ ಒಂದೇ ಸಾಲಿನಲ್ಲಿ ಬರೆದುಕೊಟ್ಟ ಚೀಟಿಗೆ ಸರ್ವೇಯರರ ಮುಂದೆ ಬೆಲೆಯಿಲ್ಲ. ಒಬ್ಬ ಎಂಜಿನಿಯರರಿಂದ ಅಂದಾಜುಪಟ್ಟಿ ಮಾಡಿಸಿದರೆ ಅವರ ಶುಲ್ಕವೂ ವ್ಯರ್ಥವಲ್ಲ: ವಾಸ್ತುಶಿಲ್ಪಿ, ಸರ್ವೇಯರ್, ಎಂಜಿನಿಯರರ ಶುಲ್ಕವನ್ನು ಕ್ಲೇಮ್ ಮೊತ್ತದ ಶೇ. 5ರವರೆಗೂ, ಅವಶೇಷಗಳನ್ನು ತೆಗೆಸಿದ ಖರ್ಚನ್ನು ಶೇ. 2ರವರೆಗೂ ಈ ಪಾಲಿಸಿ ಕೊಡುತ್ತದೆ. ಮಣ್ಣು ತೆಗೆದ ಜೆಸಿಬಿಯ ಬಾಡಿಗೆ ರಶೀದಿ ಇದ್ದರೆ ಅದನ್ನೂ ಸೇರಿಸಿ. ದುರಸ್ತಿಯ ಕಾಲದಲ್ಲಿ ಮನೆ ವಾಸಕ್ಕೆ ಯೋಗ್ಯವಲ್ಲದೆ ಬೇರೆಡೆ ಬಾಡಿಗೆಗೆ ಇದ್ದಿದ್ದರೆ ಆ ಬಾಡಿಗೆಗೂ ಅವಕಾಶವಿದೆ. ಈ ಅಂಶ ನಿಮ್ಮ ಪತ್ರದಲ್ಲಿ ಇಲ್ಲ.

ಕಾಂಪೌಂಡ್ ಗೋಡೆಯನ್ನು ಬಿಟ್ಟಿದ್ದಕ್ಕೆ ಕಾರಣ ನನಗೆ ಕಾಣುವುದಿಲ್ಲ. ಗೃಹ ರಕ್ಷಾ ಪಾಲಿಸಿಯಲ್ಲಿ ‘ಮನೆ ಕಟ್ಟಡ’ ಎಂಬುದರ ವ್ಯಾಖ್ಯೆಯೊಳಗೆ ಕಾಂಪೌಂಡ್ ಗೋಡೆ, ಬೇಲಿ, ಗೇಟು, ಮಣ್ಣು ತಡೆಯುವ ಗೋಡೆ, ಒಳರಸ್ತೆ, ನೀರಿನ ಟಾಂಕಿ ಮುಂತಾದವುಗಳನ್ನು ಹೆಸರಿಸಿಯೇ ಸೇರಿಸಲಾಗಿದೆ. ವ್ಯಾಖ್ಯೆಯ ಆ ಸಾಲನ್ನು ಪತ್ರದಲ್ಲಿ ಇದ್ದ ಹಾಗೆಯೇ ನಕಲಿಸಿ, ಕೆಳಗೆ 90,000ದ ಲೆಕ್ಕವನ್ನು ಕೊಟ್ಟರೆ ಸಾಕು. ಕೊಟ್ಟಿಗೆ ಅಷ್ಟು ಸುಲಭವಲ್ಲ. ವಸತಿಗೆ ಸಂಬಂಧಿಸಿದ ಹೊರಗಿನ ಕಟ್ಟಡಗಳು ವ್ಯಾಖ್ಯೆಯಲ್ಲಿ ಸೇರಿವೆ. ಆದರೆ ದನದ ಕೊಟ್ಟಿಗೆ ವಸತಿಯ ಭಾಗವೋ ಕೃಷಿಯ ಭಾಗವೋ ಎಂದು ಕಂಪನಿ ಕೇಳದೆ ಇರದು. ಮನೆಯ ಹಾಲಿಗೆಂದು ಒಂದೆರಡು ದನಗಳನ್ನು ಕಟ್ಟುವ, ಸೌದೆ, ಹಾರೆ, ಕೊಟ್ಟುಗಳನ್ನು ಇಡುವ, ಮನೆಗೆ ತಾಗಿಕೊಂಡ ಕಟ್ಟಡವಾದರೆ ಮನೆಬಳಕೆಯದೆಂದು ವಾದಿಸಬಹುದು. ಸೊಸೈಟಿಗೆ ದಿನವೂ ಹಾಲು ಅಳೆಯುವ ಹಟ್ಟಿಯಾದರೆ ಆ ವಾದ ನಿಲ್ಲುವುದು ಕಷ್ಟ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಆದರೆ ಕೇಳದೆ ಬಿಡಬೇಡಿ.

ಇನ್ನು ನೀವು ಕೇಳದ, ಆದರೆ ನನಗೆ ಹೆಚ್ಚು ಚಿಂತೆಗೆ ಕಾರಣವಾಗಿರುವ ಒಂದು ವಿಷಯವಿದೆ: ಬರೆ ಜರಿದದ್ದಕ್ಕೆ ಸರ್ವೇಯರ್ ಬರೆದಿರುವ ಕಾರಣ. ಭೂಕುಸಿತಕ್ಕೆ ಪಾಲಿಸಿಯಲ್ಲಿ ರಕ್ಷಣೆ ಇದ್ದರೂ, ಹೊಸ ಕಟ್ಟಡ ಸಹಜವಾಗಿ ಕೂರುವುದರಿಂದ ಬಂದ ಬಿರುಕು, ತುಂಬಿಸಿದ ಮಣ್ಣು ಸರಿಯುವುದು, ದೋಷಪೂರಿತ ಕಾಮಗಾರಿ, ಅಗೆತ ಅಥವಾ ನಿರ್ಮಾಣದ ಕೆಲಸದಿಂದಾದ ಕುಸಿತ, ನದಿ ಮತ್ತು ಕಡಲ ಕೊರೆತ ಇವಿಷ್ಟನ್ನೂ ಅದರಿಂದ ಹೊರಗಿಡಲಾಗಿದೆ. ಎಣ್ಮಕಜೆಯಿಂದ ಬೆಳ್ಳೂರು, ದೇಲಂಪಾಡಿಯವರೆಗೆ ನಮ್ಮ ಕಡೆಯ ಮನೆಗಳಲ್ಲಿ ಬಹುಪಾಲು ಗುಡ್ಡವನ್ನು ಕಡಿದು ಸಮತಟ್ಟು ಮಾಡಿದ ನಿವೇಶನಗಳಲ್ಲೇ ನಿಂತಿವೆ. ಮೇಲೆ ಗಟ್ಟಿಯಾದ ಮುರಕಲ್ಲು, ಕೆಳಗೆ ನೀರು ಹೀರಿಕೊಂಡರೆ ಬೆಣ್ಣೆಯಂತಾಗುವ ಶೇಡಿಮಣ್ಣು ಇರುವಲ್ಲಿ ನೆಟ್ಟಗೆ ಕಡಿದ ಬರೆ ವರ್ಷಗಟ್ಟಲೆ ಅಲುಗದೆ ನಿಂತು, ಒಂದು ಮಳೆಗಾಲದಲ್ಲಿ ಎಡೆಬಿಡದೆ ಸುರಿದಾಗ ಒಮ್ಮೆಲೇ ಇಳಿಯುತ್ತದೆ. 2009ರಲ್ಲಿ ಕಡಿದ ಬರೆ ಇಷ್ಟು ವರ್ಷಗಳ ಬಳಿಕ ಮಳೆಗೆ ಜರಿದರೆ ಅದು ಭೂಕುಸಿತವೇ ಹೊರತು ‘ಅಗೆತದಿಂದಾದ ಹಾನಿ’ ಅಲ್ಲ. ಆದರೆ ಆ ಮಳೆಗೆ ಮುಂಚಿನ ಬೇಸಿಗೆಯಲ್ಲಿ ನೀವೋ ನೆರೆಯವರೋ ಜೆಸಿಬಿ ತಂದು ಬರೆಯ ಬುಡವನ್ನು ಕೆತ್ತಿಸಿದ್ದರೆ ಸಂಗತಿ ಬೇರೆಯಾಗುತ್ತದೆ. ವರದಿ ಕೈಗೆ ಬಂದ ಕೂಡಲೇ ಮೊದಲು ಈ ಪುಟವನ್ನು ಓದಿ. ಮೊತ್ತ ಹೆಚ್ಚಿಸಲು ಕೇಳಿದಾಗ ಕಂಪನಿ ಹಿಂದಕ್ಕೆ ಸರಿದು ಕಾರಣವನ್ನೇ ಪ್ರಶ್ನಿಸುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಆ ಹೊತ್ತಿಗೆ ವಿಲೇಜ್ ಆಫೀಸರರು ಸ್ಥಳಕ್ಕೆ ಬಂದು ಬರೆದ ವರದಿ, ಹವಾಮಾನ ಇಲಾಖೆಯ ಆ ದಿನಗಳ ಮಳೆಯ ಪ್ರಮಾಣ, ಹಿಂದಿನ ವರ್ಷಗಳಲ್ಲಿ ಬರೆ ಹೇಗಿತ್ತು ಎಂದು ತೋರಿಸುವ, ಮದುವೆ ಪೂಜೆಗಳ ಹಳೆಯ ಫೋಟೋಗಳು ನಿಮ್ಮ ಬಳಿ ಇರಬೇಕು.

ವಿಲೇಜ್ ಆಫೀಸಿಗೆ ಅರ್ಜಿಯನ್ನು ಕನ್ನಡದಲ್ಲಿಯೇ ಕೊಡಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ, ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿತವಾದ ಕಡೆಗಳಲ್ಲಿನ ರಾಜ್ಯ ಸರ್ಕಾರದ ಕಚೇರಿಗಳೊಂದಿಗೆ ಕನ್ನಡ ಮತ್ತು ತಮಿಳು ಭಾಷಿಕರು ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶ ಕೊಟ್ಟಿದೆ. ಆದರೆ ಅಲ್ಲಿಂದ ಬರುವ ಪ್ರಮಾಣಪತ್ರ ಮಲಯಾಳದಲ್ಲಿದ್ದರೆ ಅದರ ಇಂಗ್ಲಿಷ್ ಅನುವಾದವನ್ನು ಜೊತೆಗಿಟ್ಟು ಕಂಪನಿಗೆ ಕಳುಹಿಸಿ. ಕಡತ ಯಾವ ಊರಿನ ಯಾವ ಮೇಜಿಗೆ ಹೋಗುವುದೆಂದು ಹೇಳಲಾಗದು. ಓದಲು ಬಾರದ ಕಾಗದವನ್ನು ಬದಿಗೆ ಸರಿಸುವುದು ಮನುಷ್ಯ ಸಹಜ. ಸರ್ಕಾರದ ಪ್ರಕೃತಿ ವಿಕೋಪ ಪರಿಹಾರಕ್ಕೆ ಅರ್ಜಿ ಹಾಕಿದ್ದರೆ ಅದರಿಂದ ವಿಮೆಯ ಹಕ್ಕು ಹೋಗುವುದಿಲ್ಲ, ಕೇಳಿದರೆ ಮುಚ್ಚಿಡಬೇಡಿ ಅಷ್ಟೇ.

ಮಣ್ಣು ತೆಗೆಸಿದ್ದರಲ್ಲಿ ತಪ್ಪಿಲ್ಲ. ನಷ್ಟ ಹೆಚ್ಚಾಗದಂತೆ ತಕ್ಕ ಎಚ್ಚರ ವಹಿಸುವುದು ವಿಮೆ ಮಾಡಿಸಿದವರ ಕರ್ತವ್ಯವೆಂದು ಪಾಲಿಸಿಯೇ ಹೇಳುತ್ತದೆ. ಮಳೆಗಾಲದಲ್ಲಿ ಗೋಡೆಗೆ ಒತ್ತಿಕೊಂಡ ಒದ್ದೆ ಮಣ್ಣನ್ನು ಹಾಗೆಯೇ ಬಿಟ್ಟಿದ್ದರೆ ಉಳಿದ ಗೋಡೆಯೂ ಹೋಗುತ್ತಿತ್ತು. ತೆಗೆಯುವ ಮೊದಲು ನಾಲ್ಕು ದಿಕ್ಕುಗಳಿಂದಲೂ ಫೋಟೋ, ವೀಡಿಯೋ ತೆಗೆದಿದ್ದೀರೆಂದು ಭಾವಿಸುತ್ತೇನೆ. ಇಲ್ಲದಿದ್ದರೆ ಆ ದಿನಗಳಲ್ಲಿ ನೋಡಲು ಬಂದ ನೆಂಟರ, ವಾರ್ಡ್ ಮೆಂಬರರ, ಪತ್ರಿಕೆಯವರ ಫೋನುಗಳಲ್ಲಿ ಖಂಡಿತ ಇರುತ್ತವೆ, ಅವನ್ನು ದಿನಾಂಕ ಸಹಿತ ತರಿಸಿಕೊಳ್ಳಿ. ಒಡೆದ ಹಂಚು, ಮುರಿದ ಪಕ್ಕಾಸುಗಳನ್ನು ಇನ್ನೂ ಎಸೆಯದಿದ್ದರೆ ವಿಷಯ ಮುಗಿಯುವವರೆಗೆ ಒಂದು ಮೂಲೆಯಲ್ಲಿ ಇರಲಿ. ಸರ್ವೇಯರ್ ಬರಲು ತಡವಾದದ್ದಂತೂ ನಿಮ್ಮ ಮೇಲೆ ಹೊರಿಸುವ ಸಂಗತಿಯೇ ಅಲ್ಲ: ಪ್ರಾಧಿಕಾರದ 2024ರ ಸುತ್ತೋಲೆಯಂತೆ ನಷ್ಟದ ಸುದ್ದಿ ತಲಪಿದ 24 ಗಂಟೆಗಳೊಳಗೆ ಸರ್ವೇಯರರನ್ನು ನೇಮಿಸಬೇಕು, ನೇಮಕವಾದ 15 ದಿನಗಳಲ್ಲಿ ವರದಿ ಬರಬೇಕು, ವರದಿ ಬಂದ 7 ದಿನಗಳಲ್ಲಿ ಕಂಪನಿ ತೀರ್ಮಾನ ತಿಳಿಸಬೇಕು. ಸುದ್ದಿ ಬ್ಯಾಂಕಿಗೆ ತಲಪಿತೇ ಹೊರತು ತಮಗಲ್ಲ ಎಂದು ಅವರು ಹೇಳಬಹುದು. ಬ್ಯಾಂಕುಗಳು ಸಾಮಾನ್ಯವಾಗಿ ವಿಮಾ ಕಂಪನಿಯ ಏಜೆಂಟರಾಗಿಯೇ ಪಾಲಿಸಿ ಮಾರುವುದರಿಂದ ಆ ಉತ್ತರಕ್ಕೆ ಹೆಚ್ಚು ಬಲವಿಲ್ಲ, ಆದರೂ ಬ್ಯಾಂಕಿಗೆ ನೀವು ಕೊಟ್ಟ ಪತ್ರದ ಮೇಲೆ ಮುದ್ರೆ ಬಿದ್ದ ಪ್ರತಿ ಅಥವಾ ಮ್ಯಾನೇಜರರಿಗೆ ಕಳುಹಿಸಿದ ವಾಟ್ಸ್ಆ್ಯಪ್ ಸಂದೇಶ ಬೇಕಾಗುತ್ತದೆ. ತಡವಾಯಿತೆಂಬ ಒಂದೇ ಕಾರಣಕ್ಕೆ, ಸಕಾರಣ ವಿವರಣೆಯಿರುವ ನೈಜ ಕ್ಲೇಮನ್ನು ತಿರಸ್ಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಓಂ ಪ್ರಕಾಶ್ ಅವರ ವಾಹನ ಕಳವಿನ ಪ್ರಕರಣದಲ್ಲಿ ಹೇಳಿದೆ. ವಯನಾಡಿನಲ್ಲಿ 2024ರ ಜುಲೈ 30ರಂದು ಆದಂಥ ಮಹಾದುರಂತದ ಬಳಿಕ ಕ್ಲೇಮುಗಳನ್ನು ಬೇಗ ಮುಗಿಸುವಂತೆ ಸಾರ್ವಜನಿಕ ರಂಗದ ವಿಮಾ ಕಂಪನಿಗಳಿಗೆ ಕೇಂದ್ರ ಸರ್ಕಾರ ಸೂಚಿಸಿತ್ತು. ಒಂಟಿ ಮನೆಯ ಬರೆ ಜರಿದಾಗ ಅಂಥ ಸೂಚನೆ ಯಾರೂ ಕೊಡುವುದಿಲ್ಲ, ಈ ದಿನಗಳ ಲೆಕ್ಕವನ್ನು ನೀವೇ ಇಡಬೇಕು.

ಅಡಿಕೆಯ ವಿಷಯದಲ್ಲಿ ನಿಮಗೆ ಸಮಾಧಾನವಾಗುವ ಉತ್ತರ ನನ್ನಲ್ಲಿಲ್ಲ. ಗೃಹ ರಕ್ಷಾ ಪಾಲಿಸಿಯಲ್ಲಿ ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯ ಸಾಮಾನುಗಳಿಗೂ ರಕ್ಷಣೆ ತಾನಾಗಿ ಸಿಗುತ್ತದೆ. ನಿಮ್ಮ ಮಟ್ಟಿಗೆ ಅದು 3 ಲಕ್ಷ. ಅಡುಗೆಮನೆಯಲ್ಲಿದ್ದ ಗ್ರೈಂಡರ್, ಫ್ರಿಜ್, ಕಪಾಟುಗಳು ಹಾಳಾಗಿದ್ದರೆ, ಕಟ್ಟಡಕ್ಕೆ ಮಾತ್ರ ವಿಮೆ ಸಾಕೆಂದು ಸಾಮಾನಿನ ರಕ್ಷಣೆಯನ್ನು ಬಿಟ್ಟುಕೊಟ್ಟಿರದಿದ್ದರೆ, ಅವುಗಳ ಪಟ್ಟಿಯನ್ನು ಖಂಡಿತ ಕೊಡಿ. ನಿಮ್ಮ ಪತ್ರದಲ್ಲಿ ಅವುಗಳ ಪ್ರಸ್ತಾಪವೇ ಇಲ್ಲದಿರುವುದು ನನಗೆ ಆಶ್ಚರ್ಯ ತಂದಿತು. ಆದರೆ ಆ ರಕ್ಷಣೆ ಇರುವುದು ಮನೆಬಳಕೆಯ ವಸ್ತುಗಳಿಗೆ. ಧಾರಣೆ ಏರಲಿ ಎಂದು ಕಾದಿಟ್ಟ ಚಾಲಿ ಅಡಿಕೆ ಮಾರಾಟದ ದಾಸ್ತಾನು, ಮನೆಯ ಸಾಮಾನಲ್ಲ. ಅದನ್ನು ಬೇರೆ ಹೆಸರಿನಲ್ಲಿ ಪಟ್ಟಿಗೆ ಸೇರಿಸಲು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ, ಏಕೆಂದರೆ ಕ್ಲೇಮಿನ ಒಂದು ಭಾಗ ಸುಳ್ಳೆಂದು ಕಂಡರೂ ಇಡೀ ಕ್ಲೇಮನ್ನು ತಿರಸ್ಕರಿಸುವ ಅಧಿಕಾರ ಕಂಪನಿಗೆ ಬರುತ್ತದೆ. ಮುಂದಿನ ವರ್ಷ ದಾಸ್ತಾನಿಗೆ ಪ್ರತ್ಯೇಕ ವಿಮೆ ಮಾಡಿಸುವುದಾದರೆ ಎಷ್ಟು ಗೋಣಿ, ಯಾವ ಕೋಣೆ, ಯಾವ ತಿಂಗಳುಗಳು ಎಂಬುದನ್ನು ಬರೆಸಿಕೊಳ್ಳಿ, ಕ್ಯಾಂಪ್ಕೋಗೋ ಬೇರೆ ವ್ಯಾಪಾರಿಗೋ ಕೊಟ್ಟ ಅಡಿಕೆಯ ಬಿಲ್ಲುಗಳನ್ನು ಫಸಲಿನ ಪ್ರಮಾಣಕ್ಕೆ ಸಾಕ್ಷಿಯಾಗಿ ಜೋಪಾನ ಮಾಡಿ. ಬರೆಯೊಂದಿಗೆ ಅಡಿಕೆ ಮರಗಳೂ ಹೋಗಿದ್ದರೆ ಅದು ಕೃಷಿ ಭವನದ ಮೂಲಕ ನಡೆಯುವ ಬೆಳೆ ವಿಮೆಯ ಮಾತು, ಮನೆಯ ಪಾಲಿಸಿಗೆ ಸಂಬಂಧಿಸಿದ್ದಲ್ಲ.

ವೋಚರಿನ ಮಾತಿಗೆ ಬರುತ್ತೇನೆ. ದುರಸ್ತಿಗೆ ಹಣ ತುರ್ತಾಗಿ ಬೇಕಾಗಿದ್ದರೆ, ಒಪ್ಪಿದ ಮೊತ್ತವನ್ನು ಈಗ ಬಿಡುಗಡೆ ಮಾಡಿ ಉಳಿದುದರ ಬಗ್ಗೆ ಮುಂದೆ ತೀರ್ಮಾನಿಸುವಂತೆ ಮೊದಲು ಲಿಖಿತವಾಗಿ ಕೇಳಿ. ಅದಕ್ಕೂ ಒಪ್ಪದಿದ್ದರೆ ‘ಉಳಿದ ಮೊತ್ತದ ಮೇಲಿನ ನನ್ನ ಹಕ್ಕನ್ನು ಕಾಯ್ದಿರಿಸಿಕೊಂಡು, ಆಕ್ಷೇಪಕ್ಕೆ ಒಳಪಟ್ಟು ಸ್ವೀಕರಿಸಿದ್ದೇನೆ’ ಎಂದು ವೋಚರಿನ ಮೇಲೆಯೇ ಬರೆದು ಸಹಿ ಹಾಕಿ, ಅದೇ ದಿನ ಅದೇ ಮಾತನ್ನು ಮಿಂಚಂಚೆಯಲ್ಲಿಯೂ ಕಳುಹಿಸಿ. ವೋಚರಿಗೆ ಸಹಿ ಹಾಕಿದ ಮಾತ್ರಕ್ಕೆ ಗ್ರಾಹಕನ ದೂರು ತಾನಾಗಿ ಬಿದ್ದುಹೋಗುವುದಿಲ್ಲ, ಒತ್ತಾಯದಿಂದಲೋ ತಪ್ಪು ತಿಳಿವಳಿಕೆ ಕೊಟ್ಟೋ ಸಹಿ ಪಡೆದದ್ದೆಂದು ತೋರಿಸಿದರೆ ಹೆಚ್ಚಿನ ಪರಿಹಾರ ಕೇಳಬಹುದು ಎಂಬುದು 1999ರಲ್ಲಿ ಅಜ್ಮೇರ್ ಸಿಂಗ್ ಕಾಟನ್ ಮಿಲ್ಲಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು. ವೋಚರನ್ನು ಹಕ್ಕು ಮೊಟಕುಗೊಳಿಸುವ ಸಾಧನವಾಗಿ ಬಳಸಬಾರದೆಂದು ಪ್ರಾಧಿಕಾರ 2015ರಲ್ಲಿ ಕಂಪನಿಗಳಿಗೆ ಸೂಚಿಸಿಯೂ ಇದೆ. ಆದರೆ ಒತ್ತಾಯವನ್ನು ಸಾಬೀತುಪಡಿಸುವ ಕಷ್ಟ ಸಹಿ ಹಾಕಿದವರದ್ದು. ಆದ್ದರಿಂದಲೇ ಬರಹದಲ್ಲಿ ಆಕ್ಷೇಪ ಇರಲಿ ಎನ್ನುತ್ತಿದ್ದೇನೆ. ಸರ್ವೇಯರ್ ಬರೆದದ್ದೇ ಕೊನೆಯ ಮಾತು ಎಂದು ಕಂಪನಿಯವರು ಹೇಳಿದರೆ, ಸರ್ವೆ ವರದಿ ಅಂತಿಮವೂ ಅಲ್ಲ, ಬದಲಿಸಲಾಗದ್ದೂ ಅಲ್ಲ ಎಂದು 2009ರಲ್ಲಿ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿರುವುದನ್ನು ಉಲ್ಲೇಖಿಸಬಹುದು.

ದೂರಿನ ದಾರಿ ಬೆಂಗಳೂರಿನದಲ್ಲ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಜೊತೆಗೆ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಗೆ ಕರೆ ಮಾಡಿ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಪಾಲಿಸಿದಾರರು ವಾಸಿಸುವ ಸ್ಥಳ ಅಥವಾ ಕಂಪನಿಯ ಶಾಖೆ ಇರುವ ಸ್ಥಳವೇ ವ್ಯಾಪ್ತಿಯನ್ನು ನಿರ್ಧರಿಸುವುದರಿಂದ, ಕಾಸರಗೋಡಿನವರಾದ ನಿಮಗೆ ಕೊಚ್ಚಿಯ ಕಚೇರಿ; ಮಗನ ವಿಳಾಸಕ್ಕೆ ಇಲ್ಲಿ ಪ್ರಾಮುಖ್ಯವಿಲ್ಲ. ಅಲ್ಲಿ ಶುಲ್ಕವಿಲ್ಲ, ವಕೀಲರಿಗೆ ಅವಕಾಶವೂ ಇಲ್ಲ, 50 ಲಕ್ಷ ರೂಪಾಯಿಯವರೆಗಿನ ವಿವಾದಗಳನ್ನು ತೀರ್ಮಾನಿಸುತ್ತಾರೆ. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು. ದೂರನ್ನು ಆನ್‌ಲೈನಿನಲ್ಲಿ ಸಲ್ಲಿಸಲು ಮಗ ಸಹಾಯ ಮಾಡಬಹುದು, ಸಹಿ ಮಾತ್ರ ಪಾಲಿಸಿದಾರರದ್ದೇ ಇರಬೇಕು. ವಿಚಾರಣೆಯನ್ನು ವೀಡಿಯೋ ಮೂಲಕ ನಡೆಸುವ ಅವಕಾಶ ಇರುವುದರಿಂದ ಕೊಚ್ಚಿಗೆ ರೈಲು ಹತ್ತಬೇಕಾಗಿಯೇ ಬರದು. ಇದನ್ನು ಬಿಟ್ಟು ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, 2019ರ ಕಾಯ್ದೆಯಂತೆ ಎರಡು ವರ್ಷಗಳ ಅವಧಿಯಿದೆ. ಆದರೆ ಎರಡೂ ಕಡೆ ಒಟ್ಟಿಗೆ ಹೋಗುವಂತಿಲ್ಲ. ನಿಮ್ಮದು ಷರತ್ತುಗಳ ಅರ್ಥದ ಜಗಳವೇ ಹೊರತು ಸಾಕ್ಷಿ ವಿಚಾರಣೆ ಬೇಕಾದ ಜಗಳವಲ್ಲ, ಆದ್ದರಿಂದ ನಾನು ಒಂಬುಡ್ಸ್‌ಮನ್ನರ ದಾರಿಯನ್ನೇ ಸೂಚಿಸುತ್ತೇನೆ.

ಒಂದು ವಿಷಯವನ್ನು ಇಂದೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಸಾಲವಿರುವ ಮನೆಯ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಸೇರಿರುವುದರಿಂದ ಪರಿಹಾರದ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ, ಅವರು ಅದನ್ನು ಸಾಲದ ಖಾತೆಗೆ ಜಮಾ ಮಾಡಿಬಿಟ್ಟರೆ ದುರಸ್ತಿಗೆ ನಿಮ್ಮ ಕೈಗೆ ಏನೂ ಬರುವುದಿಲ್ಲ. ಕಂತುಗಳು ಬಾಕಿಯಿಲ್ಲದಿದ್ದರೆ, ಹಣವನ್ನು ದುರಸ್ತಿಗಾಗಿ ಉಳಿತಾಯ ಖಾತೆಗೆ ಬಿಡುಗಡೆ ಮಾಡಬೇಕೆಂದು ಎಂಜಿನಿಯರರ ಅಂದಾಜುಪಟ್ಟಿಯೊಂದಿಗೆ ಮ್ಯಾನೇಜರರಿಗೆ ಪತ್ರ ಕೊಟ್ಟು, ಒಪ್ಪಿಗೆಯನ್ನು ವೋಚರ್ ಹಿಂತಿರುಗಿಸುವ ಮೊದಲೇ ಲಿಖಿತವಾಗಿ ಪಡೆದುಕೊಳ್ಳಿ.